ನೂರು ವರ್ಷ ಕಾಯಲಾರದ ಕಾಂಕ್ರೀಟ್ ಚರ್ಚ್‌ಗಳು

ಕಲಬುರಗಿ: ಇಲ್ಲಿನ ಕೋಟೆಯೊಳಗಿರುವ ಜಾಮಿ ಮಸೀದಿ 1367ರಲ್ಲಿ ನಿರ್ಮಾಣವಾದದ್ದು. ಆರೂವರೆ ಶತಮಾನ ಕಳೆದರೂ ಅದರ ಕಮಾನುಗಳು ಗಟ್ಟಿಯಾಗಿವೆ, ಕಾನೂನಿನ ರಕ್ಷಣೆಯೂ ಅದಕ್ಕಿದೆ. ಸ್ವಾತಂತ್ರ್ಯಾನಂತರ ಆಧುನಿಕ ಶೈಲಿಯಲ್ಲಿ ಎದ್ದ ಪ್ರಾಟೆಸ್ಟಂಟ್ ಚರ್ಚ್‌ಗಳಿಗೆ ಇವೆರಡರ ಭರವಸೆಯೂ ಇಲ್ಲ.

ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್ ಮಾರ್ಗವಾಗಿ ಬೀದರ್‌ವರೆಗಿನ ಸೀಮೆ ಮೆಥೋಡಿಸ್ಟ್ ಮಿಷನ್ನಿನ ಹಳೆಯ ಕಾರ್ಯಕ್ಷೇತ್ರ. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಅಮೆರಿಕ ಮೂಲದ ಈ ಸಭೆ ಅದರಲ್ಲಿ ವಿಲೀನಗೊಳ್ಳಲಿಲ್ಲ. ಮರುವರ್ಷ ನಿಜಾಮರ ಆಳ್ವಿಕೆ ಕೊನೆಗೊಂಡಿತು. 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಶಹಾಬಾದಿನ ಪರಸಿ ಕಲ್ಲು, ಸಿಮೆಂಟ್ ಎರಡೂ ಹತ್ತಿರದಲ್ಲೇ ದೊರೆಯುತ್ತಿದ್ದ ನಾಡಿದು.

ಪ್ರಾಟೆಸ್ಟಂಟ್ ಆರಾಧನೆಯಲ್ಲಿ ಪ್ರಸಂಗಕ್ಕೆ ಹಿರಿಯ ಸ್ಥಾನ. ಕುಳಿತವರಿಗೆಲ್ಲ ಬೋಧಕರು ಕಾಣಬೇಕು, ಮಾತು ಕೇಳಿಸಬೇಕು. ನಡುವೆ ಕಂಬಗಳಿಲ್ಲದ ಸಭಾಂಗಣವನ್ನು ಆರ್‌ಸಿಸಿ ತೊಲೆಗಳು ಕಡಿಮೆ ವೆಚ್ಚದಲ್ಲಿ ಸಾಧ್ಯವಾಗಿಸಿದವು. ಗಾಥಿಕ್ ಗೋಪುರ, ಕೆತ್ತನೆಗಳ ಬದಲು ಸರಳ ಗೋಡೆ, ಒಂದು ಶಿಲುಬೆ, ಬಿಸಿಲು ತಡೆಯಲು ಸಜ್ಜಾ, ಗಾಳಿಗೆ ಜಾಲಂಧ್ರ. ಬಡತನಕ್ಕೆ ಮಾಡಿಕೊಂಡ ಹೊಂದಾಣಿಕೆ ಎಂದು ಇದನ್ನು ತಳ್ಳಿಹಾಕುವುದು ಅನ್ಯಾಯ. ಇದು ಆರಾಧನೆಯ ಸ್ವರೂಪವೇ ಬಯಸಿದ ವಿನ್ಯಾಸ.

ತೊಡಕಿರುವುದು ಕಾಂಕ್ರೀಟಿನ ಆಯುಷ್ಯದಲ್ಲಿ. ಸ್ಲ್ಯಾಬಿನೊಳಗೆ ತೇವ ಇಳಿದರೆ ಕಬ್ಬಿಣದ ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ನಿರ್ವಹಣೆಯಿಲ್ಲದ ಕಟ್ಟಡ ಐವತ್ತು-ಅರವತ್ತು ವರ್ಷಕ್ಕೇ ಸೋರತೊಡಗುತ್ತದೆ. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಾದರೋ ನೂರು ವರ್ಷ ತುಂಬಿದ್ದನ್ನು ಮಾತ್ರ ಪರಿಗಣಿಸುತ್ತದೆ. 1956ರಲ್ಲಿ ಕಟ್ಟಿದ ಚರ್ಚ್ 2056ರವರೆಗೆ ಕಾಯಬೇಕು. ಅಷ್ಟರಲ್ಲಿ ಅದು ನೆಲಸಮವಾಗಿರಬಹುದು, ಇಲ್ಲವೇ ಟೈಲ್ಸ್, ಗಾಜಿನ ಹೊದಿಕೆಯಡಿ ಗುರುತು ಸಿಗದಂತಾಗಿರಬಹುದು. ದೆಹಲಿಯ ಪ್ರಗತಿ ಮೈದಾನದಲ್ಲಿ 1972ರಲ್ಲಿ ತಲೆಯೆತ್ತಿದ ಹಾಲ್ ಆಫ್ ನೇಷನ್ಸ್‌ಗೆ ವಯಸ್ಸು ಸಾಲದೆಂಬುದೇ ಮುಳುವಾಯಿತು. 2017ರಲ್ಲಿ ಅದನ್ನು ಕೆಡವಲಾಯಿತು.

ಅಮೆರಿಕದ ಇಂಡಿಯಾನಾ ರಾಜ್ಯದ ಕೊಲಂಬಸ್ ಪಟ್ಟಣದ ನಡೆ ಬೇರೆ. ವಾಸ್ತುಶಿಲ್ಪಿ ಈರೊ ಸಾರಿನೆನ್ ರೂಪಿಸಿದ ನಾರ್ತ್ ಕ್ರಿಶ್ಚಿಯನ್ ಚರ್ಚ್ ಪೂರ್ಣಗೊಂಡದ್ದು 1964ರಲ್ಲಿ. ಅಲ್ಲಿನ ಸಾಮಾನ್ಯ ಮಾನದಂಡ ಐವತ್ತು ವರ್ಷವಾದರೂ, 2000ದಲ್ಲಿಯೇ ಅದು ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತೆನಿಸಿತು. 2022ರಲ್ಲಿ ಸಭೆಯೇ ವಿಸರ್ಜನೆಗೊಂಡಾಗ ಕಟ್ಟಡ ಅನಾಥವಾಗಲಿಲ್ಲ, ಸಾರ್ವಜನಿಕ ಗ್ರಂಥಾಲಯದ ಕೈ ಸೇರಿತು.

ಕರ್ನಾಟಕದಲ್ಲೂ ದಾರಿ ಇಲ್ಲದಿಲ್ಲ. ರಾಜ್ಯದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ವ್ಯಾಖ್ಯೆಯಂತೆ ವಾಸ್ತು, ಇತಿಹಾಸ ಅಥವಾ ಸಂಸ್ಕೃತಿಯ ಮೌಲ್ಯವುಳ್ಳ ಕಟ್ಟಡವನ್ನು ಯೋಜನಾ ಪ್ರಾಧಿಕಾರವೇ ಪಾರಂಪರಿಕವೆಂದು ಘೋಷಿಸಬಹುದು. ಆ ವ್ಯಾಖ್ಯೆಯಲ್ಲಿ ವಯಸ್ಸಿನ ಮಿತಿಯಿಲ್ಲ. ಆದರೆ ಬರೀ ಘೋಷಣೆ ಸಭೆಗೆ ಹೊರೆಯಾಗಬಹುದು. ಭಕ್ತರ ಸಂಖ್ಯೆ ಹೆಚ್ಚಿದಾಗ ಸ್ಥಳ ಸಾಲದೆಂಬ ಅಹವಾಲು ಸಹಜವಾದುದೇ. ತಾಲ್ಲೂಕು ಕೇಂದ್ರವಾಗಿರುವ ಕಮಲಾಪುರದಂಥ ಊರಿನಲ್ಲಿ ಹೆದ್ದಾರಿ ಬದಿಯ ನಿವೇಶನದ ಆಕರ್ಷಣೆಯೂ ಸಣ್ಣದಲ್ಲ. ಕೆಡವುವ ಅನುಮತಿಗೆ ಮುನ್ನ ಎಂಜಿನಿಯರುಗಳಿಂದ ಸ್ಲ್ಯಾಬಿನ ಬಲಪರೀಕ್ಷೆ, ಮೂಲ ನಕ್ಷೆಯ ದಾಖಲಾತಿ, ದುರಸ್ತಿಗೆ ನೆರವು ಇಷ್ಟನ್ನಾದರೂ ಕಡ್ಡಾಯಗೊಳಿಸುವುದು ಪ್ರಾಧಿಕಾರಗಳಿಗೆ ಅಸಾಧ್ಯವಾದ ಕೆಲಸವೇನಲ್ಲ.