ಬಂದಿಯ ಕೈಗೆ ನೂಲು ಕೊಡುವವರು ಯಾರು?

ಕಾರಾಗೃಹ ಸುಧಾರಣೆಯ ಮಾತು ಬಂದಾಗಲೆಲ್ಲ ನಮ್ಮ ಸೀಮೆಯ ಜನರು ಅದನ್ನು ಬೆಂಗಳೂರು, ದೆಹಲಿಗಳ ವಿಚಾರವೆಂದು ಬಗೆದು ಪತ್ರಿಕೆಯ ಪುಟವನ್ನು ಮಗುಚುವುದುಂಟು. ಆದರೆ ತಪ್ಪಿದವನನ್ನು ತಿದ್ದುವ ಬಗೆ ಹೇಗೆಂಬ ಪ್ರಶ್ನೆಗೆ ಪರಸ್ಪರ ವಿರುದ್ಧವಾದ ಎರಡು ಉತ್ತರಗಳನ್ನು, ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳು 1997ರವರೆಗೆ ಸೇರಿದ್ದ ಹಳೆಯ ವಿಜಾಪುರ ಜಿಲ್ಲೆ ಹತ್ತಿರದಿಂದ ಕಂಡಿದೆ.

ಮೊದಲನೆಯ ಉತ್ತರ ಆಂಗ್ಲ ಸರಕಾರದ್ದು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಪರಂಪರೆಯಲ್ಲಿ ವಿಜಾಪುರ, ಗದಗ, ಹುಬ್ಬಳ್ಳಿಗಳಲ್ಲಿ ‘ಸೆಟ್ಲಮೆಂಟು’ಗಳು ಹುಟ್ಟಿಕೊಂಡು, ಯಾವ ನ್ಯಾಯಾಲಯವೂ ಅಪರಾಧಿಯೆಂದು ಸಾರದಿದ್ದ ಗಂಟಿಚೋರ, ಕೊರಮ ಮೊದಲಾದ ಸಮುದಾಯಗಳ ಸಂಸಾರಗಳು ಕೇವಲ ಜನ್ಮದ ಕಾರಣದಿಂದ ಹಾಜರಿ ಕೊಡುತ್ತ ಕಾವಲಿನೊಳಗೆ ಬಾಳಬೇಕಾಯಿತು. ಇದಕ್ಕೂ ಸುಧಾರಣೆಯೆಂದೇ ಹೆಸರಿತ್ತು, ಶಾಲೆಯಿತ್ತು, ದುಡಿಮೆಯೂ ಇತ್ತು, ಇಲ್ಲದಿದ್ದುದು ನಂಬಿಕೆಯೊಂದೇ. 1952ರಲ್ಲಿ ಕಾಯಿದೆ ಅಳಿಯಿತು, ಕಳಂಕ ಅಳಿಯಲಿಲ್ಲ. ಬಂದೀಖಾನೆಯ ದಾಖಲೆಗಳಲ್ಲಿ ಜಾತಿಯ ಅಂಕಣವಿರಕೂಡದು, ವಿಮುಕ್ತ ಬುಡಕಟ್ಟಿನವರನ್ನು ರೂಢಿಗತ ಅಪರಾಧಿಗಳೆಂದು ಎಣಿಸಕೂಡದು ಎಂದು ಸರ್ವೋಚ್ಚ ನ್ಯಾಯಾಲಯವು 2024ರ ಅಕ್ಟೋಬರ್ 3ರಂದು ಹೇಳಬೇಕಾಗಿ ಬಂದುದೇ ಇದಕ್ಕೆ ಸಾಕ್ಷಿ.

ಎರಡನೆಯ ಉತ್ತರವನ್ನು ಕೊಟ್ಟುದು ಔಂಧವೆಂಬ ಪುಟ್ಟ ಸಂಸ್ಥಾನ. ಅದರ ಕನ್ನಡ ತಾಲೂಕಾದ ಗುಣದಾಳವು ವಿಜಾಪುರ ಜಿಲ್ಲೆಯ ಹಳ್ಳಿಗಳ ನಡುವೆಯೇ ಇದ್ದಿತು. ಬೆಂಗಳೂರಿನ ಸರಕಾರಿ ವಿದ್ಯುತ್ ಕಾರ್ಖಾನೆಯಲ್ಲಿ ದುಡಿದು, ಗಾಂಧೀಜಿಯವರ ಪ್ರಭಾವಕ್ಕೆ ಒಳಗಾಗಿದ್ದ ಪೋಲೆಂಡಿನ ಇಂಜಿನಿಯರ್ ಮಾರಿಸ್ ಫ್ರೀಡ್‌ಮನ್ನರು ಔಂಧದ ರಾಜರ ಒಪ್ಪಿಗೆ ಪಡೆದು, ಘೋರಾಪರಾಧಗಳಿಗಾಗಿ ಶಿಕ್ಷೆ ಹೊಂದಿದ ಬಂದಿಗಳನ್ನು ಬೇಡಿಯಿಲ್ಲದೆ, ಗೋಡೆಯಿಲ್ಲದೆ, ಅದೇ ಸಂಸ್ಥಾನದ ಆಟಪಾಡಿಯ ಬಳಿಯ ಬರಡು ನೆಲದಲ್ಲಿ ಬೇಸಾಯಕ್ಕೆ ಹಚ್ಚಿದರು. 1939ರಲ್ಲಿ ಆರಂಭವಾದ ಆ ವಸತಿಗೆ ಇಟ್ಟ ಹೆಸರು ಸ್ವತಂತ್ರಪುರ. ವಿ. ಶಾಂತಾರಾಮರ 1957ರ ‘ದೋ ಆಂಖೇಂ ಬಾರಹ ಹಾಥ್’ ಚಿತ್ರಕ್ಕೆ ಇದೇ ಮೂಲ. ಚಿತ್ರ ನೋಡಿ ಕಣ್ಣೀರಿಟ್ಟವರು ಅಸಂಖ್ಯರು; ತಮ್ಮೂರಿಗೂ ಅಂಥದೊಂದು ಬೇಕೆಂದು ಕೇಳಿದವರು ವಿರಳ!

ಕರ್ನಾಟಕದಲ್ಲಿ ಇಂಥ ಬಯಲು ಬಂದೀಖಾನೆ ಇರುವುದು ದೇವನಹಳ್ಳಿಯ ಕಡೆ; ಇಳಕಲ್ಲಿನವರಿಗೆ ಅದು ಒಂದಿಡೀ ರಾತ್ರಿಯ ಬಸ್ ಪ್ರಯಾಣದಷ್ಟು ದೂರ. ಬೆಂಗಳೂರಿನ ಬಂದಿಯೊಬ್ಬನ ಪತ್ರವನ್ನೇ ಅರ್ಜಿಯೆಂದು ಎಣಿಸಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ರಾಮಮೂರ್ತಿ ಪ್ರಕರಣದ ತೀರ್ಪಿನಲ್ಲಿ ಕಾರಾಗೃಹಗಳ ಒಂಬತ್ತು ಸಮಸ್ಯೆಗಳನ್ನು ಹೆಸರಿಸಿದಾಗ, ಬಯಲು ಬಂದೀಖಾನೆಯ ನಿರ್ವಹಣೆಯೂ ಅವುಗಳಲ್ಲೊಂದಾಗಿತ್ತು. ಇನ್ನು 2022ರ ಅಂತ್ಯಕ್ಕೆ ದೇಶದ ಬಂದಿಗಳಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಮಂದಿ ತೀರ್ಪನ್ನೇ ಕಾಣದ ವಿಚಾರಣಾಧೀನರು. ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆ ಹೊಂದಿರದ ವಿಚಾರಣಾಧೀನನು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ಕಳೆದಿದ್ದರೆ, ಆರೋಪವು ಮರಣದಂಡನೆಯದೋ ಜೀವಾವಧಿಯದೋ ಆಗಿರದಿದ್ದಲ್ಲಿ, ಅವನ ಬಿಡುಗಡೆಗಾಗಿ ಅಧೀಕ್ಷಕರೇ ನ್ಯಾಯಾಲಯಕ್ಕೆ ಬರೆಯಬೇಕೆಂದು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮು ವಿಧಿಸುತ್ತದೆ; ಅದನ್ನು ಚಾಚೂ ತಪ್ಪದೆ ನಡೆಸಿದರೆ ಅರ್ಧ ಸುಧಾರಣೆ ಕಾಸಿಲ್ಲದೆ ಆದೀತು.

ಉಳಿದರ್ಧ ನಮ್ಮ ಓಣಿಗಳಲ್ಲಿ ಆಗತಕ್ಕದ್ದು. ಸೆರೆಮನೆಯ ಮಗ್ಗದಲ್ಲಿ ನೇಯ್ಗೆಯನ್ನು ಕಲಿತವನು ಇಳಕಲ್ಲಿಗೆ ಮರಳಿದನೆನ್ನಿ. ಇಲ್ಲಿಯ ನೇಕಾರನು ಬಹುಮಟ್ಟಿಗೆ ಸಾಹುಕಾರನು ಕೊಟ್ಟ ನೂಲು ರೇಷ್ಮೆಗಳನ್ನು ಮನೆಗೊಯ್ದು, ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕುಣಿಕೆಗಳಿಂದ ಬೆಸೆಯುವ ತೆನಿ ಕೂಡಿಸಿ, ಸೀರೆಯನ್ನು ಮರಳಿಸಿ ಕೂಲಿ ಪಡೆಯುವವನು. ಕೈಯಲ್ಲಿ ಎಷ್ಟೇ ಕಸುಬಿದ್ದರೂ ಜೈಲಿನಿಂದ ಬಂದವನನ್ನು ನಂಬಿ ರೇಷ್ಮೆಯನ್ನು ಕೊಡುವವರಿಲ್ಲದಿದ್ದರೆ ಅವನ ಮಗ್ಗ ನಡೆಯದು. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟು ನವನಗರಕ್ಕೆ ಬಂದ ಬಾಗಲಕೋಟೆಯವರಿಗೆ, ನೆರೆಹೊರೆಯಿಲ್ಲದ ಸೂರು ಬಾಳಲ್ಲವೆಂಬುದನ್ನು ಬೇರೆಯವರು ತಿಳಿಸಬೇಕಾಗಿಲ್ಲ.

ಕೊಲೆಯಾದವನ ಮನೆಯವರ ದುಃಖಕ್ಕೆ ಬೆಲೆಯಿಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ, ಶಿಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಶಿಕ್ಷೆ ತೀರಿದ ಬಳಿಕವೂ ಅದನ್ನು ಮುಂದುವರಿಸುವ ಅಧಿಕಾರವನ್ನು ಊರಿಗೆ ಯಾರೂ ಕೊಟ್ಟಿಲ್ಲ. ಕಳವಿಗೆಂದು ಹೊಕ್ಕ ಮನೆಯಲ್ಲಿ ದೀಕ್ಷೆಯ ವಿಧಿಯನ್ನು ಕಂಡು ಮನಸ್ಸು ತಿರುಗಿ, ಕಡೆಗೆ ಗುರುವಿನ ಪೀಠವನ್ನೇ ಏರಿದನೆಂದು ಐತಿಹ್ಯವುಳ್ಳ ಉರಿಲಿಂಗಪೆದ್ದಿಯನ್ನು ಶರಣನೆಂದು ಪೂಜಿಸುವವರು, ಕೂಡಲಸಂಗಮವನ್ನು ಮಡಿಲಲ್ಲಿಟ್ಟುಕೊಂಡ ಈ ಹುನಗುಂದ ಸೀಮೆಯವರು, ಕಳ್ಳನೊಬ್ಬನು ಬದಲಾಗಲಾರನೆಂದು ಯಾವ ಬಾಯಿಂದ ಹೇಳಿಯಾರು?

ಸರಕಾರವು ಮಗ್ಗಗಳಿರುವ ಬಯಲು ಬಂದೀಖಾನೆಯೊಂದನ್ನು ಬಾಗಲಕೋಟೆ ಜಿಲ್ಲೆಗೆ ಮಂಜೂರು ಮಾಡಲಿ. ನೇಕಾರರ ಸಹಕಾರಿ ಸಂಘಗಳು ಬಿಡುಗಡೆಯಾದವರಿಗೆ ನೂಲು ಕೊಡುವ ಹೊಣೆಯನ್ನು ಹೊರಲಿ. ಅಂಥದೊಂದು ಮಂಜೂರಾದ ದಿನ, ನಮ್ಮೂರ ಬಳಿ ಬೇಡವೆಂದು ಮನವಿ ಹಿಡಿದು ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗುವವರ ಗುಂಪಿನಲ್ಲಿ, ಓದುಗರೇ, ತಾವು ಇರಬಾರದೆಂದು ನನ್ನ ಪ್ರಾರ್ಥನೆ.