ಭಕ್ತಿ ಇರುವವರೇ, ನೀವೇ ಬಾಯಿ ಬಿಡಿ!

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಬಂಧುಗಳೇ,

ನಮ್ಮೂರ ವಾಟ್ಸ್‌ಆ್ಯಪ್ ಗ್ರೂಪುಗಳನ್ನು ನೋಡಿ. ಬೆಳಿಗ್ಗೆ ದೇವರ ಫೋಟೊ, ರಾತ್ರಿ ಇನ್ನೊಬ್ಬರ ದೇವರಿಗೆ ಬೈಗುಳ. ಬೈಯುವವರು ನಾಲ್ಕೇ ಮಂದಿ. ದಿನಾ ದೀಪ ಹಚ್ಚುವವರು, ನಮಾಜು ಮಾಡುವವರು, ಚರ್ಚಿಗೆ ಹೋಗುವವರು ಅದನ್ನು ಓದಿ ನೊಂದುಕೊಂಡು, 'ನಮಗ್ಯಾಕೆ ಊರ ಉಸಾಬರಿ' ಎಂದು ಸುಮ್ಮನಾಗುತ್ತಾರೆ. ಹೀಗೆ ನಾಲ್ವರ ಮಾತೇ ಇಡೀ ಧರ್ಮದ ಮಾತಾಗುತ್ತದೆ.

ಹೀಗೆ ಸುಮ್ಮನಾಗುವವರ ಹೆದರಿಕೆಗೆ ಕಾರಣವಿದೆ. 2015ರಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ, 2017ರಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಗುಂಡಿಗೆ ಬಲಿಯಾದರು. 2020ರ ಆಗಸ್ಟ್ 11ರಂದು ಬೆಂಗಳೂರಿನ ಡಿ.ಜೆ. ಹಳ್ಳಿಯಲ್ಲಿ ಒಂದು ಫೇಸ್‌ಬುಕ್ ಪೋಸ್ಟಿಗೆ ಗಲಭೆ ಎದ್ದು, ಗೋಲಿಬಾರಿನಲ್ಲಿ ಮೂವರು ಸತ್ತರು. 2025ರ ಫೆಬ್ರವರಿ 10ರಂದು ಮೈಸೂರಿನ ಉದಯಗಿರಿ ಠಾಣೆಗೆ ಕಲ್ಲು ಬಿದ್ದದ್ದೂ ಒಂದು ಪೋಸ್ಟಿನ ನೆಪದಲ್ಲೇ. ಆದರೆ ಸಜ್ಜನರು ಸುಮ್ಮನಿದ್ದಷ್ಟೂ ಇಂಥದ್ದು ಹೆಚ್ಚುತ್ತದೆ.

ಪ್ರಶ್ನೆ ಕೇಳಿದರೆ ಭಕ್ತಿಗೆ ಭಂಗವೇ? ಕೆ.ಆರ್. ನಗರದ ಕಪ್ಪಡಿ ರಾಚಪ್ಪಾಜಿಯ ಒಕ್ಕಲಿನವರನ್ನು ಕೇಳಿ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ರಾಚಪ್ಪಾಜಿಯ ಗುರು ಮಂಟೇಸ್ವಾಮಿ ಬಸವಣ್ಣನ ಕಲ್ಯಾಣಕ್ಕೇ ಹೋಗಿ ಶರಣರನ್ನು ಪರೀಕ್ಷೆಗೆ ಒಡ್ಡುತ್ತಾನೆ. ಎಚ್.ಡಿ. ಕೋಟೆಯ ಕಾಡಿನಾಚೆ, ಕೊಡಗಿನ ದೇವರಪುರದ ಕುಂಡೆ ಹಬ್ಬದಲ್ಲಿ ಜೇನುಕುರುಬರು, ಯರವರು ದೇವರನ್ನೇ ಬೈದು ಹಾಡುತ್ತಾರೆ. ಇಲ್ಲಿನ ದೇವರುಗಳು ಅದನ್ನೆಲ್ಲ ಕೇಳಿಸಿಕೊಂಡೇ ಉಳಿದಿವೆ.

ಕಾನೂನು ಏನನ್ನುತ್ತದೆ? 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು, ಆನ್‌ಲೈನ್ ಬರಹಕ್ಕೆ ಜೈಲು ವಿಧಿಸುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ರದ್ದು ಮಾಡಿತು. ಚರ್ಚೆ ಮಾಡಬಹುದು, ಜನಕ್ಕೆ ಹಿಡಿಸದ ವಾದವನ್ನೂ ಮಂಡಿಸಬಹುದು, ಪ್ರಚೋದನೆ ಮಾತ್ರ ಕೂಡದು ಎಂಬುದು ಆ ತೀರ್ಪಿನ ಸಾರ. ಬೇಕೆಂದೇ, ದುರುದ್ದೇಶದಿಂದ ಧರ್ಮವನ್ನು ಅವಮಾನಿಸಿದರೆ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮಿನಡಿ 3 ವರ್ಷದವರೆಗೆ ಜೈಲು. ಜಾತಿ, ಧರ್ಮಗಳ ನಡುವೆ ಹಗೆ ಬಿತ್ತಿದರೆ 196ನೇ ಕಲಮು.

ಆದ್ದರಿಂದ ನಮ್ಮ ಕೋರಿಕೆ:

• ನಂಬಿಕೆಯನ್ನು ಪ್ರಶ್ನಿಸಿ, ನಂಬಿದವರನ್ನು ಹೀಯಾಳಿಸಬೇಡಿ.

• ಯಾರು ಹಾಕಿದ್ದು, ಯಾವಾಗಿನದು ಎಂದು ತಿಳಿಯದೆ ಯಾವುದನ್ನೂ ಫಾರ್ವರ್ಡ್ ಮಾಡಬೇಡಿ.

• ದ್ವೇಷದ ಪೋಸ್ಟ್ ಕಂಡರೆ ಸ್ಕ್ರೀನ್‌ಶಾಟ್ ಸಮೇತ ಠಾಣೆಗೆ ದೂರು ಕೊಡಿ. ಗುಂಪು ಕಟ್ಟಿಕೊಂಡು ಹೋಗಬೇಡಿ.

• ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮವರೇ ತಪ್ಪು ಮಾತಾಡಿದಾಗ ಮೊದಲು ನೀವೇ ತಡೆಯಿರಿ. ಹಿಂದೂ ಹೇಳಿದರೆ ಹಿಂದೂ ಕೇಳುತ್ತಾನೆ, ಮುಸಲ್ಮಾನ ಹೇಳಿದರೆ ಮುಸಲ್ಮಾನ ಕೇಳುತ್ತಾನೆ. ಹೊರಗಿನವರು ಹೇಳಿದರೆ ಅದು ಜಗಳವಾಗುತ್ತದೆ.

ಉದ್ದದ ಭಾಷಣ ಬೇಡ. ಇಂದೇ ನಿಮ್ಮ ಗ್ರೂಪಿನಲ್ಲಿ ಒಂದು ಸಾಲು ಹಾಕಿ: 'ನಾನೂ ದೇವರನ್ನು ನಂಬುವವನು/ನಂಬುವವಳು. ಈ ಬೈಗುಳಕ್ಕೆ ನನ್ನ ಒಪ್ಪಿಗೆ ಇಲ್ಲ.'

ಇಂತಿ,
ನಾಲ್ಕೂ ತಾಲ್ಲೂಕುಗಳ ಸಮಾನ ಮನಸ್ಕರು

(ಓದಿ, ಪಕ್ಕದವರಿಗೂ ಕೊಡಿ)