ಕೊಲ್ಹಾಪುರದ ಕತ್ತಿ, ಮಲಬಾರಿನ ತೆಯ್ಯ ಮತ್ತು ನಮ್ಮ ಮನೆಮಾತು

ಕೊಲ್ಹಾಪುರದ ತಾಲೀಮುಗಳಲ್ಲಿ ತಲೆಮಾರುಗಳಿಂದ ನಡೆದುಬಂದ 'ಮರ್ದಾನಿ ಖೇಳ' ಎಂಬ ಶಸ್ತ್ರವಿದ್ಯೆಯನ್ನೂ ನಮ್ಮ ಜಿಲ್ಲೆಯವರಿಗೆ ಚಿರಪರಿಚಿತವಾದ ತೆಯ್ಯವನ್ನೂ ಒಂದೇ ಹಾಡಿನ ಚಿತ್ರಿಕೆಯಲ್ಲಿ ಕಾಣುವ ಪ್ರಸಂಗ 2025ರ ಮಾರ್ಚ್ ತಿಂಗಳಲ್ಲಿ ಒದಗಿತು. ಹಾಡಿನ ಹೆಸರು 'ರನ್ ಇಟ್ ಅಪ್'. ಹಾಡಿದವರು ಹನುಮಾನ್‌ಕೈಂಡ್ ಎಂಬ ಹೆಸರಿನಿಂದ ಪ್ರಸಿದ್ಧರಾದ ಸೂರಜ್ ಚೆರುಕಾಟ್.

ಮಲಪ್ಪುರಂ ಜಿಲ್ಲೆಯಲ್ಲಿ ಹುಟ್ಟಿದ ಈ ತರುಣರು ಬಾಲ್ಯವನ್ನು ಹಲವು ದೇಶಗಳಲ್ಲಿ, ಮುಖ್ಯವಾಗಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಕಳೆದರು. ಭಾರತಕ್ಕೆ ಮರಳಿ ನೌಕರಿಗೆ ಸೇರಿ, ಅದನ್ನು ಬಿಟ್ಟು, ಬೆಂಗಳೂರನ್ನು ನೆಲೆಯಾಗಿಸಿಕೊಂಡು ರಾಪ್ ಗಾಯನಕ್ಕೆ ಇಳಿದರು. ತಾಳಕ್ಕೆ ಸರಿಯಾಗಿ ಪ್ರಾಸಬದ್ಧ ಮಾತುಗಳನ್ನು ವೇಗವಾಗಿ ನುಡಿಯುವುದೇ ರಾಪ್. 2024ರ ಜುಲೈಯಲ್ಲಿ ಹೊರಬಂದ ಅವರ 'ಬಿಗ್ ಡಾಗ್ಸ್' ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ನೂರು ಹಾಡುಗಳ ಪಟ್ಟಿಯಲ್ಲಿ 23ನೆಯ ಸ್ಥಾನದವರೆಗೆ ಏರಿತು. ಜಾತ್ರೆಗಳಲ್ಲಿ ಮರದ ಬಾವಿಯ ಗೋಡೆಯ ಮೇಲೆ ಮೋಟಾರು ಸೈಕಲು ಓಡಿಸುವ ನಮ್ಮ ಆಟವೇ ಆ ಹಾಡಿನ ದೃಶ್ಯವಾಗಿತ್ತು. 2025ರ ಏಪ್ರಿಲಿನಲ್ಲಿ ಕ್ಯಾಲಿಫೋರ್ನಿಯದ ಕೋಚೆಲ್ಲ ಸಂಗೀತೋತ್ಸವದ ವೇದಿಕೆಗೆ ಅವರು ಚೆಂಡೆಯವರನ್ನೂ ಕರೆದೊಯ್ದರು.

ಊರಿನ ಕಲೆಯನ್ನು ಮುಚ್ಚಿಡದೆ ಮುಂದಿಟ್ಟದ್ದರಿಂದಲೇ ಪರದೇಶದವರು ತಿರುಗಿ ನೋಡಿದರೆಂಬುದು ಗಮನಿಸತಕ್ಕ ಸಂಗತಿ. ಕಳರಿ, ಪಂಜಾಬಿನ ಗತ್ಕಾ, ಮಣಿಪುರದ ಥಾಂಗ್-ತಾಗಳೂ 'ರನ್ ಇಟ್ ಅಪ್'ನಲ್ಲಿದ್ದವು. ಅದೇ ಮಾರ್ಚ್ 30ರಂದು ಪ್ರಧಾನಮಂತ್ರಿಗಳು ತಮ್ಮ ಬಾನುಲಿ ಭಾಷಣದಲ್ಲಿಯೂ ಈ ಹಾಡನ್ನು ಪ್ರಸ್ತಾಪಿಸಿದರು.

ಆದರೆ ಹಾಡಿನ ಮಾತುಗಳು ಇಂಗ್ಲಿಷಿನವು. ಹ್ಯೂಸ್ಟನ್ನಿನಲ್ಲಿ ಬೆಳೆದವರಿಗೆ ಅದು ಸಹಜ, ದೂಷಿಸಲು ಕಾರಣವಿಲ್ಲ. ಕತ್ತಿ, ಚೆಂಡೆ, ಮುಖವರ್ಣಿಕೆಗಳು ಭಾಷಾಂತರವಿಲ್ಲದೆ ಸಮುದ್ರ ದಾಟಬಲ್ಲವು. ನುಡಿಗೆ ಆ ಸೌಲಭ್ಯವಿಲ್ಲ. ಅದನ್ನು ನಾಲಗೆಯ ಮೇಲೆ ಹೊತ್ತೊಯ್ಯುವವನೊಬ್ಬ ಬೇಕು.

ಈ ಮಾತಿಗೆ ಕೊಲ್ಹಾಪುರದ ಕಡೆಯಿಂದಲೇ ಹಳೆಯ ದೃಷ್ಟಾಂತವೊಂದಿದೆ. ಧಾರವಾಡದ ಬಳಿಯ ಮನ್ಸೂರಿನ ಬಾಲಕ ಮಲ್ಲಿಕಾರ್ಜುನ ಮಿರಜಿನಲ್ಲಿ ನೀಲಕಂಠಬುವಾ ಅವರ ಶಿಷ್ಯನಾದ. ಆ ಗುರುಗಳು ಇಚಲಕರಂಜಿಯ ಬಾಳಕೃಷ್ಣಬುವಾ ಅವರ ಪರಂಪರೆಯವರು. ತರುವಾಯ ಮಲ್ಲಿಕಾರ್ಜುನರಿಗೆ ಕೊಲ್ಹಾಪುರದ ಆಸ್ಥಾನಗಾಯಕ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನರಿಂದ ಶಿಕ್ಷಣ ದೊರೆಯಿತು. ಕಲಿತದ್ದು ಪರಭಾಷೆಯ ಚೀಜುಗಳನ್ನು. ಕೀರ್ತಿ ಬಂದದ್ದೂ ಅವುಗಳಿಂದ. ಹಾಗಿದ್ದೂ ಮನ್ಸೂರರು ಅದೇ ಗಾಯಕಿಯಲ್ಲಿ ಶರಣರ ವಚನಗಳನ್ನು ಹಾಡಿದರು. ಗುರುಗಳಿಂದ ರಾಗ ಬಂತು, ಮನೆಯಿಂದ ವಚನ ಬಂತು. ಮನೆಯಲ್ಲಿ ಕನ್ನಡವಿಲ್ಲದಿದ್ದರೆ ಆ ಎರಡನೆಯದು ಎಲ್ಲಿಂದ ಬರಬೇಕಿತ್ತು?

ಇಂದು ಗಡಹಿಂಗ್ಲಜದ ಕನ್ನಡ ಮನೆಯ ಹುಡುಗನಿಗೆ ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಮರಾಠಿ ಅಥವಾ ಇಂಗ್ಲಿಷು. ನಮ್ಮ ಹುಡುಗನಿಗೆ ಮರಾಠಿಯ ಬದಲು ಮಲಯಾಳ, ಅಷ್ಟೇ ವ್ಯತ್ಯಾಸ. 1956ರ ಗೆರೆ ಇಬ್ಬರನ್ನೂ ಒಂದೇ ಸ್ಥಿತಿಯಲ್ಲಿ ನಿಲ್ಲಿಸಿದೆ. ನೆರೆಯ ಭಾಷೆ ಕಲಿಯುವುದು ನಷ್ಟವಲ್ಲ, ಲಾಭವೇ. ಮನೆಯೊಳಗಿನ ಮಾತೂ ಬದಲಾದಾಗ ಮಾತ್ರ ನಷ್ಟ ಆರಂಭವಾಗುತ್ತದೆ.

ಮಕ್ಕಳು ಕಿವಿಗೆ ತಂತಿ ಸಿಕ್ಕಿಸಿಕೊಂಡು ರಾಪ್ ಕೇಳುತ್ತಾರೆಂದು ಹಿರಿಯರು ಗದರಿಸುವುದುಂಟು. ಗದರಿಸಿ ಪ್ರಯೋಜನವಿಲ್ಲ. ರಾಪಿಗೆ ಬೇಕಾದ ಬಂಡವಾಳ ಪ್ರಾಸ, ತಾಳ ಮತ್ತು ತಡವರಿಸದ ನಾಲಗೆ. ಪಾರ್ತಿಸುಬ್ಬ ಹುಟ್ಟಿದ, ತಾಳಮದ್ದಳೆಯಲ್ಲಿ ಅರ್ಥಧಾರಿಗಳು ನಿಂತ ನಿಲುವಿನಲ್ಲಿ ಮಾತು ಕಟ್ಟುವ ಈ ನೆಲಕ್ಕೆ ಅದು ಹೊಸತೇನಲ್ಲ. ಬೆಂಗಳೂರಿನಲ್ಲಿ ಚಂದನ್ ಶೆಟ್ಟಿ, ಆಲ್ ಓಕೆ ಮೊದಲಾದವರು ಕನ್ನಡದಲ್ಲಿ ರಾಪ್ ಹಾಡಿ ಜನಪ್ರಿಯರಾಗಿದ್ದಾರೆ.

ನಮ್ಮ ಮನೆಯ ಹುಡುಗನೋ ಹುಡುಗಿಯೋ ನಾಳೆ ಅಂಥ ವೇದಿಕೆ ಏರಿದರೆ ಚೆಂಡೆ ಜೊತೆಗೆ ಹೋದೀತು. ಕನ್ನಡವೂ ಹೋಗಬೇಕಾದರೆ ಅದಕ್ಕೆ ಸಿದ್ಧತೆ ನಡೆಯಬೇಕಾದದ್ದು ಊಟದ ಹೊತ್ತಿನ ನಮ್ಮ ಮಾತುಕತೆಯಲ್ಲಿ. ಅದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಕಿಲ್ಲ.